338ರಿಂದ 118ಕ್ಕೆ: ಬೆಲೆ ಸೂಚ್ಯಂಕದ ಪಾಠದಲ್ಲಿ ನಾನು ಕಲಿತದ್ದು

ಬೋಧನಾಭ್ಯಾಸದ ಮೊದಲ ವಾರದಲ್ಲಿ ಕಪ್ಪುಹಲಗೆಯ ಮೇಲೆ ನಾನು ಎರಡು ಸಂಖ್ಯೆಗಳನ್ನು ಬರೆದೆ. ಆಗಸ್ಟ್ 2020: 338. ಸೆಪ್ಟೆಂಬರ್ 2020: 118. ಎರಡೂ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಅಧಿಕೃತ ಸಂಖ್ಯೆಗಳು. ಎರಡೂ ಸರಿ. ಆದರೂ ಆ ದಿನದ ಪಾಠ ತಪ್ಪಿತು. ಹೇಗೆ ತಪ್ಪಿತು, ಅದನ್ನು ಸರಿಪಡಿಸಲು ಮುಂದಿನ ಮೂರು ಅವಧಿಗಳಲ್ಲಿ ಏನು ಮಾಡಿದೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆದಿದ್ದೇನೆ.

ಪಾಠದ ವಿವರ

ತರಗತಿ: ಪ್ರಥಮ ಪಿಯುಸಿ, ಕಲಾ ವಿಭಾಗ. ವಿಷಯ: ಅರ್ಥಶಾಸ್ತ್ರ. ಘಟಕ: ಸೂಚ್ಯಂಕಗಳು. ಉಪಘಟಕ: ಗ್ರಾಹಕ ಬೆಲೆ ಸೂಚ್ಯಂಕ ಮತ್ತು ಹಣದುಬ್ಬರ. ಅವಧಿಗಳು: ಯೋಜಿಸಿದ್ದು ಒಂದು, ತೆಗೆದುಕೊಂಡದ್ದು ನಾಲ್ಕು.

ಪೂರ್ವಜ್ಞಾನ: ಶೇಕಡಾವಾರು ಲೆಕ್ಕ, ಸರಾಸರಿ, ಸರಳ ಬೆಲೆ ಅನುಪಾತ.

ಕಲಿಕಾ ಉದ್ದೇಶಗಳು (ಪರಿಷ್ಕರಿಸಿದ ನಂತರ): ವಿದ್ಯಾರ್ಥಿಯು, 1. ಸೂಚ್ಯಂಕದ ಯಾವುದೇ ಸಂಖ್ಯೆಯನ್ನು ಅದರ ಆಧಾರ ವರ್ಷದೊಂದಿಗೆ ಓದುವನು. 2. ಒಂದು ಮನೆಯ ಖರ್ಚಿನಿಂದ ತೂಕಗಳನ್ನು ಲೆಕ್ಕ ಹಾಕುವನು. 3. ಆಧಾರ ವರ್ಷವನ್ನೂ ಬುಟ್ಟಿಯನ್ನೂ ಏಕೆ ಬದಲಿಸುತ್ತಾರೆ ಎಂದು ಉದಾಹರಣೆ ಸಹಿತ ವಿವರಿಸುವನು. 4. ಬೇರೆ ಬೇರೆ ಶ್ರೇಣಿಗಳನ್ನು ಜೋಡಿಸುವನು.

ಬೋಧನೋಪಕರಣಗಳು: ವಿದ್ಯಾರ್ಥಿಗಳು ಮನೆಯಿಂದ ತಂದ ದಿನಸಿ ಚೀಟಿಗಳು, ತೂಕಗಳ ಪಟ್ಟಿ ಬರೆದ ಚಾರ್ಟು, ಕ್ಯಾಲ್ಕ್ಯುಲೇಟರ್.

ಮೊದಲ ಅವಧಿ: ತಪ್ಪಿದ್ದೆಲ್ಲಿ

ಪೀಠಿಕೆ ಚೆನ್ನಾಗಿಯೇ ಬಂತು. ಟೊಮೆಟೊ ಬೆಲೆ, ಎಣ್ಣೆ ಬೆಲೆ, ಸಿಲಿಂಡರ್ ಬೆಲೆ ಎಂದಾಗ ಮಕ್ಕಳು ಮಾತಾಡಿದರು. ಲ್ಯಾಸ್ಪಿಯರ್ ಸೂತ್ರ ಬರೆದೆ. 1871ರಲ್ಲಿ ಜರ್ಮನಿಯ ಎಟಿಯೆನ್ ಲ್ಯಾಸ್ಪಿಯರ್ ಕೊಟ್ಟ ಈ ಸೂತ್ರದಲ್ಲಿ ಆಧಾರ ವರ್ಷದ ಬುಟ್ಟಿಯನ್ನು ಕದಲಿಸದೆ ಬೆಲೆಯನ್ನು ಮಾತ್ರ ಬದಲಿಸುತ್ತಾ ಹೋಗುತ್ತೇವೆ ಎಂದು ಹೇಳಿದೆ. ಆಮೇಲೆ ಭಾರತದ ನಿಜವಾದ ಸಂಖ್ಯೆ ತೋರಿಸೋಣ ಎಂದುಕೊಂಡು ಆ ಎರಡನ್ನು ಬರೆದೆ.

ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಒಂದೇ ತಿಂಗಳಲ್ಲಿ ಬೆಲೆ ಮೂರರಲ್ಲಿ ಒಂದು ಭಾಗಕ್ಕೆ ಇಳೀತಾ? ಆ ವರ್ಷ ಹಂಗೇನೂ ಆಗಿಲ್ವಲ್ಲ" ಎಂದಳು. ನಾನು "ಇಲ್ಲಮ್ಮ, ಆಧಾರ ವರ್ಷ ಬದಲಾಯಿತು ಅಷ್ಟೆ" ಎಂದೆ. ಅವಳು ಕೂರಲಿಲ್ಲ. "ನಮ್ಮಪ್ಪ ಬಸ್ ಡ್ರೈವರ್. ಅವರಿಗೆ ತುಟ್ಟಿಭತ್ಯೆ ಬರುತ್ತೆ. ಅದು ಈ ಸಂಖ್ಯೆ ನೋಡಿ ಕೊಡೋದು ಅಂತ ನೀವೇ ಈಗ ಹೇಳಿದ್ರಿ. ಸಂಖ್ಯೆ ಇಳಿಸಿಬಿಟ್ರೆ ಭತ್ಯೆನೂ ಇಳಿಯುತ್ತಾ?" ಎಂದು ಕೇಳಿದಳು. ಹಿಂದಿನಿಂದ ಒಬ್ಬ ಹುಡುಗ, "ಅದಕ್ಕೇ ಬದಲಾಯಿಸೋದು, ಬೆಲೆ ಏರಿಲ್ಲ ಅಂತ ತೋರ್ಸೋಕೆ" ಎಂದ. ತರಗತಿ ನಕ್ಕಿತು. ಗಂಟೆ ಹೊಡೆಯಿತು.

ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದ ಟಿಪ್ಪಣಿ ಚಿಕ್ಕದು: "ಸಂಖ್ಯೆ ಬರೆದಿರಿ, ಆಧಾರ ವರ್ಷ ಬರೆಯಲಿಲ್ಲ. ಹುಡುಗಿಯ ಪ್ರಶ್ನೆ ಪಾಠಕ್ಕಿಂತ ಒಳ್ಳೆಯದಿತ್ತು. ಅದಕ್ಕೆ ಉತ್ತರ ಕೊಟ್ಟು ಮುಂದಕ್ಕೆ ಹೋಗಿ."

ಆ ರಾತ್ರಿ ಪಾಠ ಯೋಜನೆಯನ್ನು ಮತ್ತೆ ಬರೆದೆ. "ಆಧಾರ ವರ್ಷ ಬದಲಾಯಿತು ಅಷ್ಟೆ" ಎಂಬ ನನ್ನ ಮಾತಿನಲ್ಲಿ ಆ "ಅಷ್ಟೆ" ಎಂಬುದೇ ತಪ್ಪು ಎಂದು ಆಗ ಹೊಳೆಯಿತು. ಆಧಾರ ವರ್ಷದ ಜೊತೆಗೆ ಬುಟ್ಟಿ ಬದಲಾಗಿರುತ್ತದೆ, ತೂಕ ಬದಲಾಗಿರುತ್ತದೆ, ಬೆಲೆ ಕೇಳುವ ಊರುಗಳು ಬದಲಾಗಿರುತ್ತವೆ. ಅದನ್ನು ಹೇಳದೆ ಬಿಟ್ಟರೆ ಹಿಂದಿನ ಬೆಂಚಿನ ಹುಡುಗನ ಮಾತೇ ಮಕ್ಕಳ ತಲೆಯಲ್ಲಿ ಉಳಿಯುತ್ತದೆ.

ಎರಡನೇ ಅವಧಿ: ದಿನಸಿ ಚೀಟಿಯಿಂದ ತೂಕಕ್ಕೆ

ಮರುದಿನ ಮಕ್ಕಳಿಗೆ ಮನೆಯ ದಿನಸಿ ಚೀಟಿ ತರಲು ಹೇಳಿದ್ದೆ. ಚೀಟಿ ಇಲ್ಲದವರು ತಿಂಗಳ ಖರ್ಚನ್ನು ಅಮ್ಮನನ್ನು ಕೇಳಿ ಬರೆದುಕೊಂಡು ಬಂದರು. ಹಣದ ಮೊತ್ತ ಹೇಳಬೇಕಾಗಿಲ್ಲ, ನೂರು ರೂಪಾಯಿ ಖರ್ಚಿನಲ್ಲಿ ಯಾವುದಕ್ಕೆ ಎಷ್ಟು ಎಂದಷ್ಟೇ ಬರೆಯಿರಿ ಎಂದು ಮೊದಲೇ ತಿಳಿಸಿದ್ದೆ. ಬಡತನವೋ ಸಿರಿತನವೋ ತರಗತಿಯಲ್ಲಿ ಬಯಲಾಗಬಾರದು. ಈ ಒಂದು ಎಚ್ಚರಿಕೆಯನ್ನು ಎಲ್ಲ ಪ್ರಶಿಕ್ಷಣಾರ್ಥಿಗಳೂ ಇಟ್ಟುಕೊಳ್ಳಬೇಕು ಎಂದು ನನ್ನ ಸಲಹೆ.

ನೂರು ರೂಪಾಯಿಯಲ್ಲಿ ಯಾವುದಕ್ಕೆ ಎಷ್ಟು ಎಂಬುದೇ ತೂಕ. ಇದನ್ನು ವ್ಯಾಖ್ಯೆ ಕೊಟ್ಟು ಹೇಳುವ ಅಗತ್ಯ ಬೀಳಲಿಲ್ಲ. ನಂತರ ಹಲಗೆಯ ಮೇಲೆ ಎರಡು ಕಾಲ್ಪನಿಕ ಮನೆಗಳನ್ನು ಬರೆದೆ. ಮೊದಲ ಮನೆಯಲ್ಲಿ ಆಹಾರಕ್ಕೆ 60, ಬಾಡಿಗೆಗೆ 10, ಇತರೆಗೆ 30. ಎರಡನೆಯದರಲ್ಲಿ ಆಹಾರಕ್ಕೆ 35, ಬಾಡಿಗೆಗೆ 25, ಇತರೆಗೆ 40. ಒಂದು ವರ್ಷದಲ್ಲಿ ಆಹಾರ ಶೇ 10, ಬಾಡಿಗೆ ಶೇ 5, ಇತರೆ ಶೇ 2 ಏರಿತು ಎಂದುಕೊಳ್ಳೋಣ.

ಮೊದಲ ಮನೆ: 6 + 0.5 + 0.6 = ಶೇ 7.1.
ಎರಡನೇ ಮನೆ: 3.5 + 1.25 + 0.8 = ಶೇ 5.55.

ಅಂಗಡಿ ಒಂದೇ, ಬೆಲೆ ಒಂದೇ, ಹಣದುಬ್ಬರ ಮಾತ್ರ ಎರಡು. ಮಕ್ಕಳು ಇದನ್ನು ತಾವೇ ಲೆಕ್ಕ ಹಾಕಿ ಕಂಡುಕೊಂಡರು. ಹಿಂದಿನ ಬೆಂಚಿನ ಹುಡುಗ, "ಹಂಗಾದ್ರೆ ಪೇಪರಲ್ಲಿ ಬರೋದು ಯಾರ ಮನೇದು?" ಎಂದು ಕೇಳಿದ. ಈ ಪ್ರಶ್ನೆಯನ್ನು ಹಲಗೆಯ ಬಲ ಮೂಲೆಯಲ್ಲಿ ಬರೆದು ಚೌಕ ಹಾಕಿದೆ. ನಾಲ್ಕನೇ ಅವಧಿಯವರೆಗೆ ಅದನ್ನು ಅಳಿಸಲಿಲ್ಲ.

ಇದೇ ಅವಧಿಯಲ್ಲಿ ಇನ್ನೊಂದು ತಪ್ಪು ಕಲ್ಪನೆಯೂ ಹೊರಬಂತು. "ಹಣದುಬ್ಬರ ಇಳಿಕೆ" ಎಂಬ ಪತ್ರಿಕೆಯ ಶೀರ್ಷಿಕೆಯನ್ನು ಬಹುತೇಕ ಎಲ್ಲರೂ "ಬೆಲೆ ಇಳಿಕೆ" ಎಂದೇ ಓದಿದರು. ಸೂಚ್ಯಂಕ 100ರಿಂದ 106ಕ್ಕೆ ಹೋದರೆ ಹಣದುಬ್ಬರ ಶೇ 6. ಮರುವರ್ಷ 106ರಿಂದ 109.18ಕ್ಕೆ ಹೋದರೆ ಶೇ 3. ಹಣದುಬ್ಬರ ಅರ್ಧಕ್ಕೆ ಇಳಿಯಿತು, ಬೆಲೆ ಮಾತ್ರ ಏರಿಯೇ ಇದೆ. ಏರುವ ವೇಗ ಕಡಿಮೆಯಾಯಿತು ಅಷ್ಟೆ. ಈ ಸಲದ "ಅಷ್ಟೆ" ಸರಿಯಾದ ಜಾಗದಲ್ಲಿತ್ತು.

ಮೂರನೇ ಅವಧಿ: ಅಳತೆ ಬದಲಾದ ಕಥೆ

ಇತಿಹಾಸವನ್ನು ಪಟ್ಟಿಯಾಗಿ ಒಪ್ಪಿಸಿದರೆ ಮಕ್ಕಳು ಮರೆಯುತ್ತಾರೆ. ಹಾಗಾಗಿ "ಬೆಲೆಯನ್ನು ಅಳೆಯಬೇಕು ಎಂದು ಯಾರಿಗೆ, ಯಾಕೆ ಅನ್ನಿಸಿತು?" ಎಂಬ ಪ್ರಶ್ನೆಯಿಂದ ಶುರು ಮಾಡಿದೆ.

ಮೊದಲನೇ ಮಹಾಯುದ್ಧದ ನಂತರ ಬೆಲೆ ಏರಿ ಕೂಲಿಗಾಗಿ ಮುಷ್ಕರಗಳು ನಡೆದವು. 1921ರಲ್ಲಿ ಮುಂಬೈ ಪ್ರಾಂತದ ಕಾರ್ಮಿಕ ಕಚೇರಿ ಸ್ಥಾಪನೆಯಾಗಿ, 1914ರ ಜುಲೈ ತಿಂಗಳನ್ನು ಆಧಾರವಾಗಿಟ್ಟು ದುಡಿಯುವ ವರ್ಗದ ಜೀವನ ವೆಚ್ಚದ ಸೂಚ್ಯಂಕವನ್ನು ಪ್ರಕಟಿಸತೊಡಗಿತು. ಎರಡನೇ ಮಹಾಯುದ್ಧ ಶುರುವಾದಾಗ ರೈಲ್ವೆ ನೌಕರರು ತುಟ್ಟಿಭತ್ಯೆ ಕೇಳಿದರು. ಅದನ್ನು ವಿಚಾರಿಸಲು 1940ರಲ್ಲಿ ನೇಮಕವಾದದ್ದು ರಾವ್ ವಿಚಾರಣಾ ನ್ಯಾಯಾಲಯ. ಅದರ ಅಧ್ಯಕ್ಷರು ಬೆನಗಲ್ ನರಸಿಂಗ ರಾವ್, ನಮ್ಮ ಕರಾವಳಿಯ ಮೂಲದವರು, ಮುಂದೆ ಸಂವಿಧಾನ ರಚನಾ ಸಭೆಗೆ ಸಲಹೆಗಾರರಾದವರು. ಭತ್ಯೆ ಎಷ್ಟು ಕೊಡಬೇಕು ಎಂದು ಹೇಳಲು ನಂಬಬಹುದಾದ ಬೆಲೆ ಸೂಚ್ಯಂಕ ಬೇಕು ಎಂಬುದು ಆ ವಿಚಾರಣೆಯಲ್ಲಿ ಸ್ಪಷ್ಟವಾಯಿತು. 1946ರಲ್ಲಿ ಕೇಂದ್ರದ ಕಾರ್ಮಿಕ ಬ್ಯೂರೋ ಹುಟ್ಟಿತು. ಅಂದರೆ ನಮ್ಮ ಗ್ರಾಹಕ ಬೆಲೆ ಸೂಚ್ಯಂಕದ ಬೇರು ಇರುವುದು ಕೂಲಿಯ ಜಗಳದಲ್ಲಿ. ಬಸ್ ಚಾಲಕರ ಮಗಳು ತಲೆಯಾಡಿಸಿದಳು.

ಆಮೇಲೆ ಚಾರ್ಟು ತೂಗುಹಾಕಿದೆ. ಕೈಗಾರಿಕಾ ಕಾರ್ಮಿಕರ ಸೂಚ್ಯಂಕದ ನಾಲ್ಕು ಶ್ರೇಣಿಗಳು ಅದರಲ್ಲಿದ್ದವು:

ಆಧಾರ 1960: ಕುಟುಂಬ ಸಮೀಕ್ಷೆ 1958-59, 50 ಕೇಂದ್ರಗಳು.
ಆಧಾರ 1982: ಸಮೀಕ್ಷೆ 1981-82, 70 ಕೇಂದ್ರಗಳು, ಆಹಾರದ ತೂಕ 57.00.
ಆಧಾರ 2001: ಸಮೀಕ್ಷೆ 1999-2000, 78 ಕೇಂದ್ರಗಳು, ಆಹಾರದ ತೂಕ 46.20.
ಆಧಾರ 2016: ಸಮೀಕ್ಷೆ 2016-17, 88 ಕೇಂದ್ರಗಳು, ಆಹಾರ ಮತ್ತು ಪಾನೀಯದ ತೂಕ 39.17.

ಕೇಂದ್ರಗಳು ಎಂದರೆ ಬೆಲೆ ಕೇಳುವ ಊರುಗಳು. 2001ರ ಶ್ರೇಣಿಯಲ್ಲಿ ನಮ್ಮ ರಾಜ್ಯದ ಬೆಂಗಳೂರು, ಮೈಸೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಕೂಡ ಇದ್ದವು. ಈ ಶ್ರೇಣಿಗೆ ಸೇರುವವರು ಕಾರ್ಖಾನೆ, ಗಣಿ, ತೋಟ, ರೈಲ್ವೆ, ಸಾರ್ವಜನಿಕ ಮೋಟಾರು ಸಾರಿಗೆ, ವಿದ್ಯುತ್ ಮತ್ತು ಬಂದರಿನ ಕಾರ್ಮಿಕರು.

"ಈ ಪಟ್ಟಿಯಲ್ಲಿ ಏನು ಕಾಣುತ್ತೆ?" ಎಂದು ಕೇಳಿ ಸುಮ್ಮನೆ ನಿಂತೆ. ಆಹಾರದ ತೂಕ ಇಳಿಯುತ್ತಾ ಬಂದಿದೆ ಎಂದು ಮೂವರು ಹೇಳಿದರು. "ಜನ ಕಡಿಮೆ ತಿಂತಾರಾ?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಒಬ್ಬಳು, "ತಿನ್ನೋದು ಅಷ್ಟೇ, ಬೇರೆ ಖರ್ಚು ಜಾಸ್ತಿಯಾಯ್ತು" ಎಂದಳು. 1857ರಲ್ಲಿ ಅರ್ನ್ಸ್ಟ್ ಎಂಗೆಲ್ ಹೇಳಿದ್ದೂ ಇದನ್ನೇ: ಆದಾಯ ಹೆಚ್ಚಿದಂತೆ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಕಡಿಮೆಯಾಗುತ್ತದೆ. ಎಂಗೆಲ್‌ನ ಹೆಸರನ್ನು ಅವಳ ಉತ್ತರ ಬಂದ ಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಬರೆದುಕೊಳ್ಳುತ್ತಿದ್ದರೇ ಹೊರತು ಯೋಚಿಸುತ್ತಿರಲಿಲ್ಲ.

ಬುಟ್ಟಿ ಹಳತಾಗುವುದು ಎಂದರೇನು ಎಂದು ತೋರಿಸಲು 2012ರ ಆಧಾರದ ರಾಷ್ಟ್ರೀಯ ಸೂಚ್ಯಂಕದ ಪಟ್ಟಿಯಿಂದ ಒಂದು ವಸ್ತುವನ್ನು ಓದಿದೆ: ಸಿಡಿ, ಡಿವಿಡಿ, ಆಡಿಯೊ-ವಿಡಿಯೊ ಕ್ಯಾಸೆಟ್. "ನಿಮ್ಮಲ್ಲಿ ಈ ವರ್ಷ ಇದನ್ನು ಕೊಂಡವರು ಯಾರು?" ಒಂದು ಕೈಯೂ ಮೇಲೇಳಲಿಲ್ಲ. "ಮೊಬೈಲ್ ರೀಚಾರ್ಜ್ ಮಾಡಿಸಿದವರು?" ಎಲ್ಲ ಕೈಗಳೂ ಎದ್ದವು. ಕೊಳ್ಳದ ವಸ್ತುವಿನ ಬೆಲೆಯನ್ನು ಅಳೆಯುತ್ತಾ ಕೂತರೆ ಅಳತೆ ನಮ್ಮದಾಗುವುದಿಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಬಂದೆವು. ಹೊಸ ಶ್ರೇಣಿ ಶುರುವಾದಾಗ ಹಳೆಯದಕ್ಕೂ ಹೊಸದಕ್ಕೂ ಸೇತುವೆಯಾಗಿ ಒಂದು ಜೋಡಣಾ ಗುಣಾಂಕ ಕೊಡುತ್ತಾರೆ. 2016ರ ಶ್ರೇಣಿಯಿಂದ 2001ಕ್ಕೆ ಅದು 2.88. 2001ರಿಂದ 1982ಕ್ಕೆ 4.63. 1982ರಿಂದ 1960ಕ್ಕೆ 4.93.

118 × 2.88 = 339.84.

ಹಿಂದಿನ ತಿಂಗಳು 338 ಇದ್ದದ್ದು ಈ ತಿಂಗಳು ಹಳೆಯ ಅಳತೆಯಲ್ಲಿ 339.84. ಅಂದರೆ ಸುಮಾರು ಶೇ 0.54 ಏರಿಕೆ. ಮೂರರಲ್ಲಿ ಒಂದು ಭಾಗಕ್ಕೆ ಇಳಿದಂತೆ ಕಂಡದ್ದು ವಾಸ್ತವದಲ್ಲಿ ಸ್ವಲ್ಪ ಏರಿತ್ತು. ಅಡಿಯಲ್ಲಿ ಅಳೆದದ್ದನ್ನು ಮೀಟರಿನಲ್ಲಿ ಬರೆದರೆ ಗೋಡೆ ಗಿಡ್ಡವಾಗುವುದಿಲ್ಲ ಎಂದು ಒಬ್ಬ ಹುಡುಗ ಹೇಳಿದ. ಅವನ ತಂದೆ ಗಾರೆ ಕೆಲಸದವರು. ಈ ಹೋಲಿಕೆ ನನಗೆ ಹೊಳೆದಿರಲಿಲ್ಲ.

ಗುಣಾಂಕ ಮರೆತರೆ ಏನಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಿಸಿದೆ. ಏಳನೇ ವೇತನ ಆಯೋಗದ ನಂತರ ಕೇಂದ್ರ ನೌಕರರ ತುಟ್ಟಿಭತ್ಯೆಯ ಸೂತ್ರದಲ್ಲಿ 261.42 ಎಂಬ ಸಂಖ್ಯೆ ಇದೆ. ಅದು 2001ರ ಆಧಾರದ್ದು. ಹನ್ನೆರಡು ತಿಂಗಳ ಸರಾಸರಿ ಸೂಚ್ಯಂಕ ಅದಕ್ಕಿಂತ ಶೇಕಡಾ ಎಷ್ಟು ಹೆಚ್ಚೋ ಅಷ್ಟು ಭತ್ಯೆ. ಅಭ್ಯಾಸಕ್ಕಾಗಿ ಒಂದೇ ತಿಂಗಳ ಸಂಖ್ಯೆ ಹಾಕಿ ನೋಡಿದೆವು. 339.84 ಹಾಕಿದರೆ ಸುಮಾರು ಶೇ 30. ಗುಣಾಂಕವಿಲ್ಲದೆ 118 ಹಾಕಿದರೆ ಋಣ ಶೇ 54.86, ಅಂದರೆ ಸಂಬಳದಿಂದಲೇ ಅರ್ಧಕ್ಕಿಂತ ಹೆಚ್ಚು ಕಡಿತ! ಹುಡುಗಿ ಎರಡು ಸಲ ಲೆಕ್ಕ ಮಾಡಿ, "ಹಂಗಾದ್ರೆ ಗುಣಾಂಕ ಬರೆದಿದ್ದಾರಾ ಅಂತ ನೋಡ್ಕೋಬೇಕು" ಎಂದಳು. ಅದೇ ನನಗೆ ಬೇಕಾಗಿದ್ದ ಉತ್ತರ.

ಕೊನೆಗೆ ಸರಪಳಿಯನ್ನು ಪೂರ್ತಿ ಎಳೆದೆವು. 118 × 2.88 × 4.63 × 4.93 = ಸುಮಾರು 7757. 1960ರಲ್ಲಿ 100 ರೂಪಾಯಿ ಖರ್ಚಿದ್ದ ಕಾರ್ಮಿಕ ಕುಟುಂಬದ ಬುಟ್ಟಿಗೆ 2020ರ ಸೆಪ್ಟೆಂಬರಿನಲ್ಲಿ 7757 ರೂಪಾಯಿ. ಆದರೆ ಇಲ್ಲಿ ನಿಲ್ಲಬಾರದು. ಅದೇ ಬುಟ್ಟಿ ಅಲ್ಲವಲ್ಲ? ದಾರಿಯಲ್ಲಿ ಮೂರು ಸಲ ಬುಟ್ಟಿ ಬದಲಾಗಿದೆ. ಈ ಸಂಖ್ಯೆ ಒಂದು ಅಂದಾಜು ಕೊಡುತ್ತದೆ, ಸೇರು ಅಕ್ಕಿಗೆ ಸೇರು ಅಕ್ಕಿಯ ಹೋಲಿಕೆಯನ್ನಲ್ಲ.

ಇದೇ ಅವಧಿಯ ಕೊನೆಯಲ್ಲಿ ಸರಾಸರಿ ತೆಗೆಯುವ ವಿಧಾನವೂ ಬದಲಾದದ್ದನ್ನು ಒಂದು ಉದಾಹರಣೆಯಲ್ಲಿ ಹೇಳಿದೆ. ಒಂದು ಅಂಗಡಿಯಲ್ಲಿ ಟೊಮೆಟೊ 20ರಿಂದ 40ಕ್ಕೆ ಏರಿತು, ಇನ್ನೊಂದರಲ್ಲಿ 40ರಿಂದ 20ಕ್ಕೆ ಇಳಿಯಿತು. ಅನುಪಾತಗಳು 2 ಮತ್ತು 0.5. ಸಾಮಾನ್ಯ ಸರಾಸರಿ 1.25, ಅಂದರೆ ಶೇ 25 ಏರಿಕೆ. ಗುಣೋತ್ತರ ಸರಾಸರಿ 1, ಅಂದರೆ ಏರಿಕೆ ಇಲ್ಲ. ಒಂದು ದುಪ್ಪಟ್ಟಾಗಿ ಇನ್ನೊಂದು ಅರ್ಧವಾದಾಗ ಯಾವುದು ನ್ಯಾಯ ಎಂದರೆ ಮಕ್ಕಳು ಎರಡನೆಯದನ್ನೇ ಆರಿಸಿದರು. ರಾಷ್ಟ್ರೀಯ ಸೂಚ್ಯಂಕ 2010ರ ಶ್ರೇಣಿಯಿಂದ 2012ರ ಶ್ರೇಣಿಗೆ ಬಂದಾಗ ವಸ್ತುವಿನ ಹಂತದಲ್ಲಿ ಮಾಡಿದ ಬದಲಾವಣೆ ಇದೇ.

ನಾಲ್ಕನೇ ಅವಧಿ: ಯಾರ ಮನೆಯ ಬುಟ್ಟಿ?

ಹಲಗೆಯ ಮೂಲೆಯ ಚೌಕಕ್ಕೆ ಮರಳಿದೆವು. ಪತ್ರಿಕೆಯಲ್ಲಿ ಬರುವುದು ಯಾರ ಮನೆಯ ಹಣದುಬ್ಬರ?

ಬಹಳ ಕಾಲ ನಮ್ಮ ದೇಶದಲ್ಲಿ ಇಡೀ ಜನತೆಗೆ ಅಂತ ಒಂದು ಗ್ರಾಹಕ ಬೆಲೆ ಸೂಚ್ಯಂಕವೇ ಇರಲಿಲ್ಲ. ಕೈಗಾರಿಕಾ ಕಾರ್ಮಿಕರಿಗೆ ಒಂದು, ಕೃಷಿ ಕಾರ್ಮಿಕರಿಗೆ ಒಂದು, ನಗರದ ದೈಹಿಕೇತರ ದುಡಿಮೆಯವರಿಗೆ ಒಂದು. ಸುದ್ದಿಯಲ್ಲಿ "ಹಣದುಬ್ಬರ" ಎಂದರೆ ಸಗಟು ಬೆಲೆ ಸೂಚ್ಯಂಕ. ಅದರಲ್ಲಿ ಸೇವೆಗಳು ಇಲ್ಲ. ಶಾಲೆಯ ಶುಲ್ಕ, ಆಸ್ಪತ್ರೆಯ ಖರ್ಚು, ಬಸ್ ಚಾರ್ಜು ಅಲ್ಲಿ ಕಾಣುವುದಿಲ್ಲ. 2011ರಿಂದ ಗ್ರಾಮೀಣ, ನಗರ ಮತ್ತು ಎರಡೂ ಸೇರಿದ ಸಂಯುಕ್ತ ಸೂಚ್ಯಂಕ ಬರತೊಡಗಿತು, 2010ನ್ನು ಆಧಾರವಾಗಿಟ್ಟು. 2014ರ ಜನವರಿಯಲ್ಲಿ ಊರ್ಜಿತ್ ಪಟೇಲ್ ಸಮಿತಿ ರಿಸರ್ವ್ ಬ್ಯಾಂಕ್ ಇದನ್ನೇ ಗುರಿಯಾಗಿಟ್ಟುಕೊಳ್ಳಲಿ ಎಂದಿತು. 2016ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಶೇ 4ರ ಗುರಿ, ಮೇಲೆ ಕೆಳಗೆ ಶೇ 2ರ ಅಂತರ ನಿಗದಿಯಾಯಿತು. ಮನೆ ಸಾಲದ ಬಡ್ಡಿಯ ಏರಿಳಿತಕ್ಕೂ ಈ ಸಂಖ್ಯೆಗೂ ನಂಟು ಬಿದ್ದದ್ದು ಹೀಗೆ.

2012ರ ಶ್ರೇಣಿಗೆ 1181 ಹಳ್ಳಿಗಳಿಂದ, 310 ಪಟ್ಟಣಗಳಿಂದ ಬೆಲೆ ತರಿಸುತ್ತಿದ್ದರು. ಅದರಲ್ಲಿ ಆಹಾರ ಮತ್ತು ಪಾನೀಯದ ತೂಕ ಗ್ರಾಮೀಣಕ್ಕೆ 54.18, ನಗರಕ್ಕೆ 36.29, ಸಂಯುಕ್ತಕ್ಕೆ 45.86. ಮನೆ ಬಾಡಿಗೆ ನಗರಕ್ಕೆ 21.67, ಗ್ರಾಮೀಣಕ್ಕೆ ಇಲ್ಲವೇ ಇಲ್ಲ. ಮಕ್ಕಳು ತಮ್ಮ ತಮ್ಮ ಚೀಟಿಯ ತೂಕವನ್ನು ಪಕ್ಕದಲ್ಲಿಟ್ಟು ನೋಡಿದರು. ಕೆಲವರದು ಗ್ರಾಮೀಣದ ಹತ್ತಿರ ಬಂತು, ಬಾಡಿಗೆ ಮನೆಯಲ್ಲಿರುವವರದು ನಗರದ ಹತ್ತಿರ ಬಂತು, ಒಂದಿಬ್ಬರದು ಯಾವುದಕ್ಕೂ ಹೊಂದಲಿಲ್ಲ.

ಆಗ ಒಂದು ಚರ್ಚೆ ತಾನಾಗಿ ಎದ್ದಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ ಉಚಿತ. ಒಂದೇ ಊರಿನಿಂದ ಒಂದೇ ಬಸ್ಸಿನಲ್ಲಿ ಬರುವ ಅಣ್ಣ ತಂಗಿಯರಲ್ಲಿ ತಂಗಿಯ ಬಸ್ ತೂಕ ಸೊನ್ನೆ, ಅಣ್ಣನದು ಸೊನ್ನೆಯಲ್ಲ. ಹಾಗಿದ್ದರೆ ಒಂದೇ ಮನೆಯೊಳಗೇ ಎರಡು ಹಣದುಬ್ಬರವೇ? ಹೌದು ಎಂದೆ. ರಾಷ್ಟ್ರದ ಸೂಚ್ಯಂಕ ಕೋಟ್ಯಂತರ ಮನೆಗಳ ಸರಾಸರಿ. ಅದರಲ್ಲಿ ನಿಮ್ಮ ಮನೆಯನ್ನು ಹುಡುಕಬೇಡಿ, ನಿಮ್ಮ ಮನೆ ಅದರಿಂದ ಎತ್ತ ಕಡೆ ಎಷ್ಟು ದೂರ ಇದೆ ಎಂದು ನೋಡಿ ಎಂದೆ.

ಬುಟ್ಟಿ ಹಳತಾದಾಗ ನಷ್ಟ ಯಾರಿಗೆ ಎಂಬುದನ್ನು ಕೃಷಿ ಕಾರ್ಮಿಕರ ಸೂಚ್ಯಂಕದಿಂದ ತೋರಿಸಿದೆ. ತರಗತಿಯಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳು ಇದ್ದರು. ಆ ಕೂಲಿಯನ್ನು ವರ್ಷವರ್ಷ ಪರಿಷ್ಕರಿಸಲು ನೋಡುತ್ತಿದ್ದದ್ದು ಈ ಸೂಚ್ಯಂಕವನ್ನು. ಕರ್ನಾಟಕದಲ್ಲಿ ದಿನಗೂಲಿ 2025ರ ಏಪ್ರಿಲ್‌ನಲ್ಲಿ 349ರಿಂದ 370 ರೂಪಾಯಿಗೆ ಏರಿತು. ಆ ಸೂಚ್ಯಂಕದ ಆಧಾರ 1986-87, ಬುಟ್ಟಿ 1983ರ ಸಮೀಕ್ಷೆಯದು, ಆಹಾರದ ತೂಕ 69.15. 2019ನ್ನು ಆಧಾರವಾಗಿಟ್ಟ ಹೊಸ ಶ್ರೇಣಿ ಬಂದದ್ದು 2025ರಲ್ಲಿ. ನಡುವೆ ಹುಟ್ಟಿದ ಮಕ್ಕಳು ದೊಡ್ಡವರಾಗಿ ಅವರ ಮಕ್ಕಳು ಈಗ ನನ್ನ ಮುಂದೆ ಕೂತಿದ್ದಾರೆ.

2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಸರಾಸರಿ ಖರ್ಚಿನಲ್ಲಿ ಆಹಾರದ ಪಾಲು ಶೇ 47.04, ನಗರದಲ್ಲಿ ಶೇ 39.68. 2024ನ್ನು ಆಧಾರವಾಗಿಡುವ ಹೊಸ ರಾಷ್ಟ್ರೀಯ ಶ್ರೇಣಿಯ ತೂಕಗಳಿಗೂ ಇದೇ ಸಮೀಕ್ಷೆ ಮೂಲ. ಕೃಷಿ ಕಾರ್ಮಿಕರ ಪಾಲು ಗ್ರಾಮೀಣ ಸರಾಸರಿಗಿಂತ ಬೇರೆಯೇ ಇರುತ್ತದೆ. ಆದರೂ ಅಭ್ಯಾಸಕ್ಕೆಂದು 69 ಮತ್ತು 47 ಎಂಬ ಎರಡು ತೂಕಗಳನ್ನು ತೆಗೆದುಕೊಂಡೆವು. ಆಹಾರ ಶೇ 2, ಇತರೆ ಶೇ 6 ಏರಿದ ವರ್ಷ ಎಂದು ಊಹಿಸಿದೆವು.

ಹಳೆಯ ತೂಕ: 1.38 + 1.86 = ಶೇ 3.24.
ಹೊಸ ತೂಕ: 0.94 + 3.18 = ಶೇ 4.12.

ವ್ಯತ್ಯಾಸ ಶೇ 0.88. ದಿನಕ್ಕೆ 349 ರೂಪಾಯಿ ಕೂಲಿಗೆ ಅದು ಸುಮಾರು ಮೂರು ರೂಪಾಯಿ, ನೂರು ದಿನಕ್ಕೆ ಮುನ್ನೂರು ರೂಪಾಯಿ. ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗ, "ನಾನು ಹೇಳಿದ್ದೇ ಸರಿ, ಮೋಸ" ಎಂದ.

ಇಲ್ಲಿ ಪಾಠ ನಿಲ್ಲಿಸಿದ್ದರೆ ಅವನ ಜೊತೆ ನಾನೂ ತಪ್ಪು ಹೇಳಿದಂತಾಗುತ್ತಿತ್ತು. "ಈಗ ತಿರುಗಿಸಿ ಹಾಕು" ಎಂದೆ. ಆಹಾರ ಶೇ 6, ಇತರೆ ಶೇ 2. ಹಳೆಯ ತೂಕದಲ್ಲಿ 4.14 + 0.62 = ಶೇ 4.76. ಹೊಸ ತೂಕದಲ್ಲಿ 2.82 + 1.06 = ಶೇ 3.88. ಈ ಸಲ ಹಳೆಯ ಬುಟ್ಟಿಯೇ ಕೂಲಿಯವರಿಗೆ ಲಾಭ. ಅವನು ಲೆಕ್ಕವನ್ನು ಎರಡು ಸಲ ನೋಡಿ, "ಅಂದ್ರೆ ತಕ್ಕಡಿ ಹಳೇದಾಗಿದೆ. ಯಾವ ಕಡೆ ವಾಲುತ್ತೆ ಅಂತ ಹೇಳಕ್ಕಾಗಲ್ಲ" ಎಂದ. ನಾನು ಅದನ್ನೇ ಹಲಗೆಯ ಸಾರಾಂಶವಾಗಿ ಬರೆದೆ.

ಮೌಲ್ಯಮಾಪನ

ಮೂರು ಪ್ರಶ್ನೆ ಕೊಟ್ಟೆ. ಒಂದು, 2016ರ ಶ್ರೇಣಿಯಲ್ಲಿ ಸೂಚ್ಯಂಕ 125 ಆದರೆ 2001ರ ಶ್ರೇಣಿಯಲ್ಲಿ ಎಷ್ಟು? (ಉತ್ತರ 360.) ಎರಡು, ಹಣದುಬ್ಬರ ಶೇ 5ರಿಂದ ಶೇ 3ಕ್ಕೆ ಇಳಿದರೆ ಬೆಲೆ ಇಳಿಯಿತೇ? ಮೂರು, ನಿಮ್ಮ ಮನೆಯ ಬುಟ್ಟಿಗೆ ಹತ್ತು ವರ್ಷದಲ್ಲಿ ಹೊಸದಾಗಿ ಬಂದದ್ದು, ಬಿಟ್ಟುಹೋದದ್ದು ಬರೆಯಿರಿ. ಮೊದಲನೆಯದನ್ನು ಹೆಚ್ಚಿನವರು ಸರಿ ಮಾಡಿದರು. ಎರಡನೆಯದರಲ್ಲಿ ಇನ್ನೂ ಕೆಲವರು "ಹೌದು" ಎಂದೇ ಬರೆದಿದ್ದರು. ಅದು ಮತ್ತೊಂದು ಅಭ್ಯಾಸ ಬೇಡುತ್ತದೆ. ಮೂರನೆಯದಕ್ಕೆ ಬಂದ ಉತ್ತರಗಳಲ್ಲಿ ಬಾಟಲಿ ನೀರು, ಮೊಬೈಲ್ ಡೇಟಾ ಬಂದವು. ಸೀಮೆಎಣ್ಣೆ, ಸೌದೆ, ಲ್ಯಾಂಡ್‌ಲೈನ್ ಬಿಲ್ಲು ಹೋದವು. ಒಬ್ಬಳು ಬರೆದಿದ್ದಳು: "ಹೊಸದಾಗಿ ಬಂದದ್ದು ಅಜ್ಜಿಯ ಮಾತ್ರೆ. ಹೋದದ್ದು ಹಸು, ಈಗ ಹಾಲು ಕೊಂಡುಕೊಳ್ಳುತ್ತೇವೆ."

ಗೃಹಕಾರ್ಯ: ಮುಂದಿನ ಮೂರು ತಿಂಗಳು ಒಂದೇ ಅಂಗಡಿಯಲ್ಲಿ ಐದು ವಸ್ತುಗಳ ಬೆಲೆಯನ್ನು ಒಂದೇ ತಾರೀಕಿನಂದು ಬರೆದಿಡುವುದು.

ಆತ್ಮಾವಲೋಕನ

ಮೊದಲನೆಯದಾಗಿ, ಸೂಚ್ಯಂಕದ ಪಾಠವನ್ನು ಸೂತ್ರದಿಂದ ಶುರು ಮಾಡಬಾರದು. ಚೀಟಿಯಿಂದ ಶುರು ಮಾಡಿದರೆ ಸೂತ್ರಕ್ಕೆ ಮಕ್ಕಳೇ ಬರುತ್ತಾರೆ. ಎರಡನೆಯದಾಗಿ, ಹಲಗೆಯ ಮೇಲೆ ಯಾವ ಸೂಚ್ಯಂಕ ಬರೆದರೂ ಪಕ್ಕದಲ್ಲಿ ಆಧಾರ ವರ್ಷ ಬರೆಯಬೇಕು. ಇದು ಅಚ್ಚುಕಟ್ಟಿನ ಪ್ರಶ್ನೆಯಲ್ಲ, ಅರ್ಥದ ಪ್ರಶ್ನೆ. ಮೂರನೆಯದಾಗಿ, ಸರ್ಕಾರದ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಿ ಎಂದೂ, ಎಲ್ಲ ಸುಳ್ಳು ಎಂದೂ ಹೇಳಿಕೊಡಬಾರದು. ಬುಟ್ಟಿ ಯಾವ ವರ್ಷದ್ದು, ತೂಕ ಎಷ್ಟು, ಬೆಲೆ ಎಲ್ಲಿಂದ ತಂದದ್ದು ಎಂದು ಕೇಳುವುದನ್ನು ಕಲಿಸಬೇಕು.

ಸಮಯದ ಹಂಚಿಕೆಯಲ್ಲಿ ನಾನು ಸೋತಿದ್ದೇನೆ. ಒಂದು ಅವಧಿಯ ಪಾಠಕ್ಕೆ ನಾಲ್ಕು ತೆಗೆದುಕೊಂಡೆ, ಪಾಶೆ ಸೂತ್ರಕ್ಕೆ ಸಮಯವೇ ಉಳಿಯಲಿಲ್ಲ. ಅದನ್ನು ತರಗತಿಯ ಉಪನ್ಯಾಸಕರು ಮುಂದುವರಿಸಿದರು. ಗುಣೋತ್ತರ ಸರಾಸರಿಯನ್ನು ಅವಸರದಲ್ಲಿ ಹೇಳಿದೆ. ಮುಂದಿನ ಸಲ ಅದನ್ನು ಬೇರೆ ಅವಧಿಗೆ ಇಡುತ್ತೇನೆ.

ಕೊನೆಯ ದಿನ ಬಸ್ ಚಾಲಕರ ಮಗಳು ಒಂದು ಹಾಳೆ ತಂದು ತೋರಿಸಿದಳು. ಅಪ್ಪನ ಸಂಬಳದ ಚೀಟಿಯಲ್ಲಿ ತುಟ್ಟಿಭತ್ಯೆ ಎಂಬ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. "ಇದು ಎಲ್ಲಿಂದ ಬರುತ್ತೆ ಅಂತ ಅಪ್ಪನಿಗೂ ಗೊತ್ತಿರಲಿಲ್ಲ ಮೇಡಂ, ನಾನೇ ಹೇಳಿದೆ" ಎಂದಳು. ಹಿಂದಿನ ಬೆಂಚಿನ ಹುಡುಗ ಮಾತ್ರ ಹೋಗುವಾಗಲೂ, "ನಮ್ಮನೆ ಲೆಕ್ಕ ಬೇರೆ ಇದೆ ಮೇಡಂ" ಎಂದ. ಅವನ ಮಾತನ್ನು ನಾನು ತಿದ್ದಲಿಲ್ಲ. ಅದು ಸರಿಯೇ ಇತ್ತು.